ಹಿಪ್ಪುನೇರಳೆಗೆ ಕಾಯಿಲೆ ಬಂದರೆ: ಔಷಧಿಗಿಂತ ಮೊದಲು ಕಣ್ಣು ಮತ್ತು ಕತ್ತರಿ

ನಮ್ಮ ಕಾಲೇಜಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ನಮ್ಮಲ್ಲಿ ಅನೇಕರ ಮನೆಯ ಊಟ ಒಂದಲ್ಲ ಒಂದು ರೀತಿಯಲ್ಲಿ ರೇಷ್ಮೆಗೆ ಸೇರಿದೆ. ಕೆಲವರ ಮನೆಯಲ್ಲಿ ಹುಳು ಮೇಯಿಸುತ್ತಾರೆ, ಕೆಲವರು ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚುತ್ತಾರೆ, ಕೆಲವರ ಮನೆಯಲ್ಲಿ ಮಗ್ಗ ಇದೆ. ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬನ್ನು ಬೆಳೆಸಿದ ವಿಷಯ ಪಾಠದಲ್ಲಿ ಓದಿದ್ದೇವೆ. ಆದರೆ ಈ ಕಸುಬು ನಿಂತಿರುವುದು ಒಂದೇ ಒಂದು ಗಿಡದ ಮೇಲೆ. ಅದು ಹಿಪ್ಪುನೇರಳೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಅದನ್ನು ಶಹತೂತ್ ಅನ್ನುತ್ತೇವೆ. ರೇಷ್ಮೆ ಹುಳು ಮೇಯುವುದು ಇದರ ಸೊಪ್ಪನ್ನು ಮಾತ್ರ.

ಆದ್ದರಿಂದ ಈ ಗಿಡಕ್ಕೆ ಬರುವ ಕೀಟ ಮತ್ತು ರೋಗಗಳನ್ನು ಗುರುತಿಸುವುದು ಹೇಗೆ, ಏನು ಮಾಡಬೇಕು, ಏನು ಮಾಡಬಾರದು ಎಂದು ಈ ಲೇಖನದಲ್ಲಿ ತಿಳಿಸಿದ್ದೇನೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ನಡುವೆ ಸ್ವಲ್ಪ ಲೆಕ್ಕವೂ ಬರುತ್ತದೆ.

ಬೇರೆ ಬೆಳೆಗೂ ಇದಕ್ಕೂ ಇರುವ ವ್ಯತ್ಯಾಸ

ಬದನೆ ಗಿಡಕ್ಕೆ ಹುಳು ಬಿದ್ದರೆ ಔಷಧಿ ಹೊಡೆಯುತ್ತಾರೆ, ಹುಳು ಸಾಯುತ್ತದೆ, ಕೆಲಸ ಮುಗಿಯಿತು. ಹಿಪ್ಪುನೇರಳೆಯಲ್ಲಿ ಹಾಗಲ್ಲ. ನಾವು ಕೊಲ್ಲಬೇಕಾದದ್ದೂ ಹುಳು, ಸಾಕಬೇಕಾದದ್ದೂ ಹುಳು. ಎಲೆ ತಿನ್ನುವ ಕಂಬಳಿ ಹುಳುವನ್ನು ಸಾಯಿಸುವ ಔಷಧಿ ಅದೇ ಎಲೆಯನ್ನು ತಿನ್ನುವ ರೇಷ್ಮೆ ಹುಳುವನ್ನೂ ಸಾಯಿಸುತ್ತದೆ. ಗಿಡಕ್ಕೆ ಮದ್ದಾದದ್ದು ಹುಳುವಿಗೆ ವಿಷ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಈ ಗಿಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ರೋಗ ಇನ್ನೂ ನಾಲ್ಕು ಕುಡಿಯಲ್ಲಿ ಇರುವಾಗಲೇ ಕಂಡುಹಿಡಿದರೆ ಉಗುರು ಸಾಕು, ಕೊಡಲಿ ಬೇಕಾಗುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ತೋಟದಲ್ಲಿ ಒಂದು ಗಿಡದ ಮುಂದೆ ನಿಂತರೆ ಮೂರು ಜಾಗ ನೋಡಬೇಕು: ಕುಡಿ, ಎಲೆ, ಬೇರು.

1. ಕುಡಿ

ಬೇಸಿಗೆಯಲ್ಲಿ ಅನೇಕ ತೋಟಗಳಲ್ಲಿ ಕೊಂಬೆಯ ತುದಿ ಮುದುರಿಕೊಂಡಿರುತ್ತದೆ. ಎಲೆ ದಪ್ಪವಾಗಿ, ಕಡು ಹಸಿರಾಗಿ, ಸುಕ್ಕುಗಟ್ಟಿರುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಕಡಿಮೆಯಾಗಿ ತುದಿ ಗೊಂಚಲಿನ ಹಾಗೆ ಕಾಣುತ್ತದೆ. ಇದಕ್ಕೆ ತುಕ್ರಾ ಎಂದು ಹೆಸರು. ಇದು ವೈರಸ್ ರೋಗ ಎಂದು ಹಿಂದೆ ಬಹಳ ಕಾಲ ತಿಳಿದಿದ್ದರು. ನಿಜವಾದ ಕಾರಣ ಗುಲಾಬಿ ಬಣ್ಣದ ಹಿಟ್ಟು ತಿಗಣೆ. ಮುದುರಿದ ಎಲೆಯನ್ನು ಬಿಡಿಸಿ ನೋಡಿದರೆ ಒಳಗೆ ಬಿಳಿ ಹಿಟ್ಟು ಮೆತ್ತಿಕೊಂಡ ಸಣ್ಣ ತಿಗಣೆಗಳು ಇರುತ್ತವೆ. ಇವು ರಸ ಹೀರುವಾಗ ಬಿಡುವ ಎಂಜಲಿನಿಂದ ಕುಡಿ ಮುರುಟುತ್ತದೆ.

ಇದೇ ತಿಗಣೆ ದಾಸವಾಳದ ಗಿಡದಲ್ಲೂ ಇರುತ್ತದೆ. ಮನೆಯ ಮುಂದಿನ ದಾಸವಾಳದ ಮೊಗ್ಗು ಬಿಳಿ ಹಿಟ್ಟು ಹಿಡಿದು ಮುರುಟಿದ್ದರೆ ಅದನ್ನು ಹೂವಿನ ಗಿಡದ ಸಮಸ್ಯೆ ಎಂದು ಸುಮ್ಮನೆ ಬಿಡಬಾರದು. ಪಕ್ಕದ ತೋಟಕ್ಕೆ ಅದು ಹೋಗಬಹುದು. ಗಿಡದ ಮೇಲೆ ಇರುವೆಗಳ ಸಾಲು ಹತ್ತಿ ಇಳಿಯುತ್ತಿದ್ದರೆ ಅದೂ ಒಂದು ಸೂಚನೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ, ಅದಕ್ಕೆ ಬದಲಾಗಿ ತಿಗಣೆಯನ್ನು ಕಾಯುತ್ತದೆ.

ಪರಿಹಾರ ಬಹಳ ಸರಳ. ಮುದುರಿದ ಕುಡಿಯನ್ನು ಕತ್ತರಿಸಿ, ಅಲ್ಲೇ ಬದುವಿಗೆ ಎಸೆಯದೆ, ಚೀಲದಲ್ಲಿ ಹಾಕಿಕೊಂಡು ಹೋಗಿ ಸುಡಬೇಕು. ಅಥವಾ ಲೀಟರಿಗೆ 5 ಗ್ರಾಂ ಸೋಪಿನ ಪುಡಿ ಬೆರೆಸಿದ ನೀರಿನಲ್ಲಿ ಮುಳುಗಿಸಬೇಕು. ಕತ್ತರಿಸಿ ಅಲ್ಲೇ ಬಿಸಾಡಿದರೆ ತಿಗಣೆ ಮರಿಗಳು ನಡೆದುಕೊಂಡು ಪಕ್ಕದ ಗಿಡ ಹತ್ತುತ್ತವೆ.

ಇನ್ನೊಂದು ಉಪಾಯ ಗುಲಗಂಜಿ ಹುಳು. ಇದರಲ್ಲಿ ಕ್ರಿಪ್ಟೊಲೀಮಸ್ ಎಂಬ ಜಾತಿ ಆಸ್ಟ್ರೇಲಿಯಾ ಮೂಲದ್ದು. ಹಿಟ್ಟು ತಿಗಣೆಯೇ ಇದರ ಊಟ. ಎಕರೆಗೆ 250 ಹುಳು ಬಿಡಬೇಕೆಂದು ರೇಷ್ಮೆ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಗುಲಗಂಜಿ ಹುಳುವಿನ ಮರಿಯ ಮೈಮೇಲೆಯೂ ಬಿಳಿ ಮೇಣದ ಎಳೆಗಳು ಇರುತ್ತವೆ. ನೋಡಲು ದೊಡ್ಡ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ತಿಳಿಯದವರು ಶತ್ರು ಎಂದುಕೊಂಡು ಮಿತ್ರನನ್ನೇ ಹೊಸಕಿ ಹಾಕುತ್ತಾರೆ. ತಿಗಣೆಗಿಂತ ದೊಡ್ಡದಾಗಿದ್ದು ಚುರುಕಾಗಿ ಓಡಾಡುತ್ತಿದ್ದರೆ ಅದು ಗುಲಗಂಜಿಯ ಮರಿ. ಅದನ್ನು ಬಿಡಿ.

ಮಳೆಗಾಲ ಶುರುವಾದ ಮೇಲೆ ಕುಡಿಗೆ ಇನ್ನೊಂದು ಕಾಟ ಬರುತ್ತದೆ. ಅದು ಎಲೆ ಸುರುಳಿ ಹುಳು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಇದು ಹೆಚ್ಚು. ಇದೂ ತುದಿಯನ್ನು ಮಡಿಸುತ್ತದೆ. ಆದರೆ ಬಿಡಿಸಿ ನೋಡಿದರೆ ಹಿಟ್ಟು ಇರುವುದಿಲ್ಲ. ನೂಲಿನಿಂದ ಎಲೆಗಳನ್ನು ಅಂಟಿಸಿಕೊಂಡು ಒಳಗೆ ಕೂತ ಹಸಿರು ಹುಳು, ಅದರ ಹಿಕ್ಕೆ ಕಾಣುತ್ತವೆ. ಈ ತುದಿಗಳನ್ನೂ ಕಿತ್ತು ಸುಡಬೇಕು. ಕಟಾವಾದ ಮೇಲೆ ಮಣ್ಣು ಉತ್ತರೆ ಮಣ್ಣಿನಲ್ಲಿ, ಒಣಗಿದ ಎಲೆಯಲ್ಲಿ ಅಡಗಿದ ಕೋಶಗಳು ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ, ಹಕ್ಕಿಗಳೂ ತಿನ್ನುತ್ತವೆ. ಇದರ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ನಾಶಮಾಡುವ ಟ್ರೈಕೋಗ್ರಾಮಾ ಎಂಬ ಸಣ್ಣ ಕಣಜವನ್ನು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಆ ಕಾರ್ಡನ್ನು ಗಿಡಕ್ಕೆ ಕಟ್ಟಿದರೆ ಸಾಕು.

2. ಎಲೆ

ಎಲೆಯ ಮೇಲ್ಭಾಗ ಮಾತ್ರ ನೋಡಿದರೆ ಸಾಲದು. ತಿರುಗಿಸಿ ಕೆಳಗೆ ನೋಡಬೇಕು.

ಕೆಳಭಾಗದಲ್ಲಿ ಬೂದಿ ಚೆಲ್ಲಿದ ಹಾಗೆ ಬಿಳಿ ಮಚ್ಚೆ ಇದ್ದರೆ ಬೂದಿ ರೋಗ. ಇದು ಚಳಿಗಾಲದಲ್ಲಿ, ಗಿಡಗಳು ಒತ್ತಾಗಿದ್ದು ಗಾಳಿ ಬೆಳಕು ಆಡದ ಕಡೆ ಹೆಚ್ಚು. ಕಂದು ಬಣ್ಣದ, ಸೂಜಿ ತಲೆಯಷ್ಟು ಸಣ್ಣ ಗುಳ್ಳೆಗಳಿದ್ದರೆ ತುಕ್ಕು ರೋಗ. ಇದು ಬಲಿತ ಎಲೆಗೆ ಬರುತ್ತದೆ. ಆದ್ದರಿಂದ ಸೊಪ್ಪನ್ನು ಹೊತ್ತಿಗೆ ಸರಿಯಾಗಿ ಕಟಾವು ಮಾಡುವುದೇ ಇದಕ್ಕೆ ಮದ್ದು. ಮಳೆಗಾಲದಲ್ಲಿ ಕಂದು ಚುಕ್ಕೆಗಳು ಬಂದು ಒಂದಕ್ಕೊಂದು ಸೇರಿ ನಡುಭಾಗ ಉದುರಿ ತೂತಾದರೆ ಎಲೆ ಚುಕ್ಕೆ ರೋಗ. ಈ ಮೂರೂ ಶಿಲೀಂಧ್ರದಿಂದ ಬರುವ ರೋಗಗಳು. ಇವುಗಳಿಂದ ಗಿಡ ಸಾಯುವುದಿಲ್ಲ. ಆದರೆ ಸೊಪ್ಪಿನ ಸತ್ವ ಹೋಗುತ್ತದೆ, ಹುಳು ಅದನ್ನು ಸರಿಯಾಗಿ ತಿನ್ನುವುದಿಲ್ಲ. ಈಚೆಗೆ ಅನೇಕರು ಅಂತರ ಹೆಚ್ಚು ಬಿಟ್ಟು ಮರಕಡ್ಡಿ ಪದ್ಧತಿಯಲ್ಲಿ ಬೆಳೆಸುತ್ತಿದ್ದಾರೆ. ಗಾಳಿ ಬೆಳಕು ಚೆನ್ನಾಗಿ ಆಡುವುದರಿಂದ ಇಂಥ ರೋಗಗಳು ಅಲ್ಲಿ ಕಡಿಮೆ.

ಬೇಸಿಗೆಯಲ್ಲಿ ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರುಗಳಿದ್ದರೆ ಅದು ಥ್ರಿಪ್ಸ್ ಎಂಬ ಅತಿ ಸಣ್ಣ ಕೀಟದ ಕೆಲಸ. ತುಂತುರು ನೀರಾವರಿ ಇರುವ ತೋಟದಲ್ಲಿ ನೀರಿನ ಹೊಡೆತಕ್ಕೇ ಇವು ತೊಳೆದು ಹೋಗುತ್ತವೆ. ಎಲೆ ಜರಡಿಯಂತೆ ನರ ಮಾತ್ರ ಉಳಿದಿದ್ದರೆ ಕಂಬಳಿ ಹುಳು. ಇದರ ಮರಿಗಳು ಮೊದಲ ಕೆಲವು ದಿನ ಒಂದೇ ಎಲೆಯ ಕೆಳಗೆ ಗುಂಪಾಗಿ ಇರುತ್ತವೆ. ಆಗ ಆ ಒಂದು ಎಲೆ ಕಿತ್ತರೆ ನೂರಾರು ಹುಳು ಹೋದವು. ಒಂದು ವಾರ ಬಿಟ್ಟು ನೋಡಿದರೆ ಅವು ತೋಟದ ತುಂಬ ಹರಡಿರುತ್ತವೆ.

ಎಲೆ ಹಳದಿಯಾದರೆ ಎಲ್ಲವೂ ರೋಗವಲ್ಲ. ಎಳೆ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿಯಾದರೆ ಸಾಮಾನ್ಯವಾಗಿ ಕಬ್ಬಿಣದ ಅಂಶದ ಕೊರತೆ. ಕೆಳಗಿನ ಹಳೆಯ ಎಲೆಯಿಂದ ಹಳದಿ ಶುರುವಾದರೆ ಸಾರಜನಕದ ಕೊರತೆ ಇರಬಹುದು. ಇದಕ್ಕೆ ಮಣ್ಣು ಪರೀಕ್ಷೆ ಮಾಡಿಸಬೇಕೇ ಹೊರತು ಕೀಟನಾಶಕ ಹೊಡೆದು ಪ್ರಯೋಜನವಿಲ್ಲ.

3. ಬೇರು

ಕುಡಿ, ಎಲೆಯ ಕಾಯಿಲೆಗಳು ಕಣ್ಣಿಗೆ ಕಾಣುತ್ತವೆ. ಬೇರಿನದು ಕಾಣುವುದಿಲ್ಲ. ನಿನ್ನೆ ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ, ಎಲೆ ಉದುರುತ್ತದೆ, ಕೈಯಲ್ಲಿ ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ. ಬೇರಿನ ತೊಗಟೆ ಕೊಳೆತು ಕಪ್ಪಾಗಿ ಸುಲಿದು ಬರುತ್ತದೆ. ಇದು ಬೇರು ಕೊಳೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರಗಳು ಇದಕ್ಕೆ ಕಾರಣ. ನೀರು, ಮಣ್ಣು, ಗುದ್ದಲಿಯ ಜೊತೆ ಇದು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತದೆ.

ಸತ್ತ ಗಿಡವನ್ನು ಬೇರು ಸಮೇತ ತೆಗೆದು ಸುಡಬೇಕು. ಗುಂಡಿಯನ್ನು ಬಿಸಿಲಿಗೆ ತೆರೆದಿಡಬೇಕು. ಆ ಗುಂಡಿಯ ನೀರು ಪಕ್ಕದ ಗಿಡಕ್ಕೆ ಹರಿಯದಂತೆ ತಡೆಯಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಹಾಕಿ ಹೊಸ ಸಸಿ ನೆಡಬೇಕು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಕೆಟ್ಟ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ. ಆದ್ದರಿಂದ ಅದರ ಜೊತೆಗೇ ಶಿಲೀಂಧ್ರನಾಶಕ ಹಾಕಿದರೆ ಅದೂ ಸಾಯುತ್ತದೆ, ದುಡ್ಡು ದಂಡ. ಬೇರು ಕೊಳೆ ರೋಗಕ್ಕೆಂದೇ ಮೈಸೂರಿನ ಸಂಶೋಧನಾ ಸಂಸ್ಥೆ ನವಿನ್ಯ ಎಂಬ ಪುಡಿಯನ್ನೂ ತಯಾರಿಸಿದೆ.

ಮರಳು ಮಿಶ್ರಿತ ಮಣ್ಣಿನಲ್ಲಿ ಬೇರು ಗಂಟು ರೋಗ ಹೆಚ್ಚು. ಗಿಡ ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಎಷ್ಟು ಗೊಬ್ಬರ ಹಾಕಿದರೂ ಎಲೆ ಸಣ್ಣದಾಗಿ ಹಳದಿಯಾಗಿ ಇರುತ್ತದೆ. ಬೇರು ಕಿತ್ತು ನೋಡಿದರೆ ಮಣಿ ಪೋಣಿಸಿದ ಹಾಗೆ ಗಂಟುಗಳು. ಕಣ್ಣಿಗೆ ಕಾಣದ ಜಂತು ಹುಳುಗಳು ಇದಕ್ಕೆ ಕಾರಣ. ಬೇವಿನ ಹಿಂಡಿ ಹಾಕುವುದು, ಸಾಲಿನ ನಡುವೆ ಚೆಂಡು ಹೂ ಬೆಳೆಯುವುದು ಒಳ್ಳೆಯದು. ಚೆಂಡು ಹೂ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಆದರೆ ಟೊಮೆಟೊ, ಬದನೆ ಹಾಕಬಾರದು. ಅದೇ ಜಂತು ಅವುಗಳಲ್ಲೂ ಬೆಳೆದು ಇನ್ನೂ ಹೆಚ್ಚಾಗುತ್ತದೆ.

ಸ್ವಲ್ಪ ಲೆಕ್ಕ

ಕುಡಿ, ಎಲೆಯ ಕಾಯಿಲೆಗೂ ಬೇರಿನ ಕಾಯಿಲೆಗೂ ಇರುವ ವ್ಯತ್ಯಾಸ ನಮ್ಮ ಅಕೌಂಟೆನ್ಸಿ ಪಾಠದಲ್ಲಿಯೇ ಇದೆ. ಕುಡಿಗೆ ರೋಗ ಬಂದರೆ ಈ ಬೆಳೆಯ ಆದಾಯ ಕಡಿಮೆಯಾಗುತ್ತದೆ. ಬೇರಿಗೆ ಬಂದರೆ ಬಂಡವಾಳವೇ ಹೋಗುತ್ತದೆ. ಒಮ್ಮೆ ನೆಟ್ಟ ತೋಟ ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಹೆಚ್ಚು ಕಾಲ, ವರ್ಷಕ್ಕೆ ಸುಮಾರು 5 ಬೆಳೆ ಕೊಡುತ್ತದೆ. ಅಂದರೆ ಗಿಡ ಒಂದು ಸ್ಥಿರ ಆಸ್ತಿ.

ಆದಾಯದ ನಷ್ಟವೂ ಸಣ್ಣದಲ್ಲ. 100 ಮೊಟ್ಟೆ ಮೇಯಿಸಲು ಸುಮಾರು 1,000 ಕಿಲೋ ಸೊಪ್ಪು ಬೇಕು. (ಇಲ್ಲಿ 1 ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಅದರಲ್ಲಿ 400ರಿಂದ 500 ಮೊಟ್ಟೆ ಇರುತ್ತವೆ.) 60 ಕಿಲೋ ಗೂಡು ಬಂತು, ಕಿಲೋಗೆ 500 ರೂಪಾಯಿ ಸಿಕ್ಕಿತು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಟ್ಟು 30,000 ರೂಪಾಯಿ. ಈಗ ತುಕ್ರಾದಿಂದ ಹತ್ತನೇ ಒಂದು ಭಾಗ ಸೊಪ್ಪು ಹೋಯಿತು. ಹುಳು ತನ್ನ ಜೀವಮಾನದ ಊಟದಲ್ಲಿ 80 ಭಾಗಕ್ಕಿಂತ ಹೆಚ್ಚು ತಿನ್ನುವುದು ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಕೊನೆಯ ಕೆಲವು ದಿನಗಳಲ್ಲಿ. ಸೊಪ್ಪು ಸಾಲದೆ ಬರುವುದೂ ಆಗಲೇ. ಹೊಟ್ಟೆ ತುಂಬದ ಹುಳು ಚಂದ್ರಿಕೆಗೆ ಹತ್ತಿ ತೆಳ್ಳನೆಯ ಗೂಡು ಕಟ್ಟುತ್ತದೆ. ಗೂಡು 54 ಕಿಲೋಗೆ ಇಳಿಯಿತು, ತೆಳು ಗೂಡು ಎಂದು ಮಾರುಕಟ್ಟೆಯಲ್ಲಿ 450 ರೂಪಾಯಿಗೆ ಹರಾಜಾಯಿತು ಎಂದುಕೊಂಡರೆ ಸಿಗುವುದು 24,300 ರೂಪಾಯಿ. ಸೊಪ್ಪಿನಲ್ಲಿ ಹೋದದ್ದು 10 ಭಾಗ, ಹಣದಲ್ಲಿ ಹೋದದ್ದು 19 ಭಾಗ. ಇದರ ಮುಂದೆ ಕುಡಿ ಕತ್ತರಿಸಲು ಕೊಡುವ ಒಂದು ದಿನದ ಕೂಲಿ ಎಷ್ಟು, ನೀವೇ ಹೋಲಿಸಿ ನೋಡಿ.

ಪಕ್ಕದ ಹೊಲದಿಂದ ಬರುವ ಅಪಾಯ

ಕೆಲವು ಸಾರಿ ಗಿಡ ಆರೋಗ್ಯವಾಗಿಯೇ ಇರುತ್ತದೆ, ಆದರೆ ಸೊಪ್ಪು ವಿಷವಾಗಿರುತ್ತದೆ. ಹನೂರು ಕಡೆ ನಮ್ಮ ಮಾಮೂ ಒಬ್ಬರು ಹುಳು ಮೇಯಿಸುತ್ತಾರೆ. ಒಂದು ಬೆಳೆಯಲ್ಲಿ ಹುಳುಗಳು ಸೊಪ್ಪು ತಿಂದ ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಒದ್ದಾಡಿ, ಬಾಯಿಂದ ಹಸಿರು ನೀರು ಕಕ್ಕಿ ಮುದುಡಿ ಹೋದವು. ಮಾಮೂ ತಮ್ಮ ತೋಟಕ್ಕೆ ಏನೂ ಹೊಡೆದಿರಲಿಲ್ಲ. ಪಕ್ಕದ ಮುಸುಕಿನ ಜೋಳದ ಹೊಲಕ್ಕೆ ಔಷಧಿ ಹೊಡೆದಿದ್ದರು, ಗಾಳಿ ಈ ಕಡೆ ಇತ್ತು. ಹೊಡೆದವರಿಗೆ ಇದು ಗೊತ್ತಿರಲಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

2018ರಲ್ಲಿ ಸೈನಿಕ ಹುಳು ಎಂಬ ಹೊಸ ಕೀಟ ಭಾರತದಲ್ಲಿ ಮೊದಲು ಕರ್ನಾಟಕದಲ್ಲಿಯೇ ಪತ್ತೆಯಾಯಿತು. ಆಮೇಲೆ ಜೋಳಕ್ಕೆ ಔಷಧಿ ಹೊಡೆಯುವುದು ಹೆಚ್ಚಾಗಿದೆ. ಅದಕ್ಕೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಔಷಧಿ ರೇಷ್ಮೆ ಹುಳುವಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ, ಎಲೆಯ ಮೇಲೆ ಬಹಳ ದಿನ ಉಳಿಯುತ್ತದೆ. ಇದರ ಬಾಟಲಿಯ ಮೇಲೆ ಇರುವುದು ಹಸಿರು ತ್ರಿಕೋನ. ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಲ್ಲಿ ಹಸಿರು ಅತಿ ಕಡಿಮೆ ವಿಷದ ಗುರುತು. ಆದರೆ ಆ ಗುರುತು ಮನುಷ್ಯನ ಲೆಕ್ಕದಲ್ಲಿ ಹಾಕಿದ್ದು, ರೇಷ್ಮೆ ಹುಳುವಿನ ಲೆಕ್ಕದಲ್ಲಿ ಅಲ್ಲ. ಹಸಿರು ತ್ರಿಕೋನ ನೋಡಿ ಧೈರ್ಯ ಮಾಡಬಾರದು. ತಂಬಾಕಿನ ಹೊಲದ ಪಕ್ಕದ ಸೊಪ್ಪೂ ಹುಳುವಿಗೆ ಆಗುವುದಿಲ್ಲ. ಬೇವಿನ ಔಷಧಿ ಕೂಡ ಹುಳುವಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಮನೆಮದ್ದು ಎಂದು ಹೊಡೆದು ಮಾರನೆಯ ದಿನವೇ ಸೊಪ್ಪು ಕೊಯ್ಯುವಂತಿಲ್ಲ.

ಇನ್ನೊಂದು ವಿಷಯ. ಹಳೆಯ ಕರಪತ್ರಗಳಲ್ಲಿ ಹಿಟ್ಟು ತಿಗಣೆಗೂ ಎಲೆ ಸುರುಳಿ ಹುಳುವಿಗೂ ಡಿಡಿವಿಪಿ, ಅಂದರೆ ಡೈಕ್ಲೋರ್ವಾಸ್ ಹೊಡೆಯಿರಿ ಎಂದು ಬರೆದಿರುತ್ತದೆ. ಈಗಲೂ ಹಿರಿಯರು ಅದನ್ನೇ ಹೇಳುತ್ತಾರೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ಈ ಔಷಧಿಯನ್ನು ನಿಷೇಧಿಸಿದೆ. ಎಲ್ಲೋ ಉಳಿದ ಹಳೆಯ ಬಾಟಲಿ ಸಿಕ್ಕಿತೆಂದು ಬಳಸಬಾರದು.

ಔಷಧಿ ಸೋತ ಕಡೆ ಕಣಜ ಗೆದ್ದದ್ದು

ಕೀಟವನ್ನು ಕೀಟದಿಂದಲೇ ಗೆಲ್ಲಬಹುದು ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. 1956ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಸೇರಿದ್ದ ಜಿಲ್ಲೆಯೂ ಅದೇ. ಪಪ್ಪಾಯಿಯಿಂದ ಹಿಪ್ಪುನೇರಳೆಗೆ ಹಬ್ಬಿ ಕೊಯಮತ್ತೂರು, ತಿರುಪ್ಪೂರು, ಈರೋಡು ಭಾಗದಲ್ಲಿ ತೋಟಗಳನ್ನು ಬೆಳ್ಳಗೆ ಮಾಡಿತು. ಕರ್ನಾಟಕಕ್ಕೂ ಬಂತು. ಮೈಮೇಲೆ ಮೇಣ ಇರುವುದರಿಂದ ಎಷ್ಟು ಔಷಧಿ ಹೊಡೆದರೂ ಜಗ್ಗಲಿಲ್ಲ. ಕೆಲವರು ತೋಟವನ್ನೇ ಕಿತ್ತು ಹಾಕಿದರು.

2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ 3 ಜಾತಿಯ ಕಣಜಗಳನ್ನು ತರಿಸಿದರು. ಅದರಲ್ಲಿ ಅಸೆರೊಫಾಗಸ್ ಪಪಾಯೇ ಎಂಬುದು ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಹೊರಗೆ ಬರುತ್ತದೆ. ಈ ಕಣಜ ಬಿಟ್ಟ ಕಡೆಯಲ್ಲೆಲ್ಲ ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಲೀಟರ್‌ಗಟ್ಟಲೆ ವಿಷ ಮಾಡಲಾಗದ ಕೆಲಸವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಮಾಡಿತು. ಆದರೆ ಔಷಧಿ ಹೊಡೆಯುತ್ತಲೇ ಇದ್ದ ತೋಟದಲ್ಲಿ ಕಣಜ ಬದುಕುವುದಿಲ್ಲ ಎಂಬುದನ್ನು ಮರೆಯಬಾರದು.

ನಾವು ಏನು ಮಾಡಬಹುದು

ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಮೂರು ಕೆಲಸಗಳಿವೆ.

ಮೊದಲನೆಯದು, ವಾರಕ್ಕೊಮ್ಮೆ ತೋಟದಲ್ಲಿ ಒಂದು ಸುತ್ತು ಹಾಕಿ ಅಲ್ಲಲ್ಲಿ 20 ಗಿಡಗಳ ಕುಡಿ ಮತ್ತು ಎಲೆಯ ಕೆಳಭಾಗ ನೋಡುವುದು. ಎಷ್ಟು ಗಿಡದಲ್ಲಿ ಏನು ಕಂಡಿತು ಎಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುವುದು. ಹೋದ ವಾರ 1 ಇದ್ದದ್ದು ಈ ವಾರ 4 ಆಗಿದ್ದರೆ ಕತ್ತರಿ ತೆಗೆದುಕೊಳ್ಳುವ ಹೊತ್ತು ಬಂತೆಂದು ಅರ್ಥ.

ಎರಡನೆಯದು, ಬಾಟಲಿ ಓದುವುದು. ಔಷಧಿಯ ಬಾಟಲಿಯ ಮೇಲಿನ ಸಣ್ಣ ಅಕ್ಷರ ನಮ್ಮ ಮನೆಯ ಹಿರಿಯರಿಗೆ ಎಷ್ಟೋ ಸಾರಿ ಓದಲು ಬರುವುದಿಲ್ಲ. ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆಯುತ್ತಾರೆ. ಒಳಗಿರುವ ಔಷಧಿಯ ಹೆಸರೇನು, ಹೊಡೆದ ಮೇಲೆ ಎಷ್ಟು ದಿನ ಸೊಪ್ಪು ಕೊಯ್ಯಬಾರದು ಎಂದು ನಾವು ಓದಿ ಹೇಳಬೇಕು. ಸಂಶಯವಿದ್ದರೆ ಹೊಡೆಯುವುದಕ್ಕೆ ಮೊದಲು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಕೇಳಬೇಕು.

ಮೂರನೆಯದು, ಪಕ್ಕದ ಹೊಲದವರ ಜೊತೆ ಮಾತು. ನಮ್ಮ ಹುಳು ಯಾವ ದಿನ ನಾಲ್ಕನೇ ಜ್ವರದಿಂದ ಏಳುತ್ತದೆ ಎಂದು ಅವರಿಗೆ ಹೇಳಿಟ್ಟರೆ ಔಷಧಿ ಹೊಡೆಯುವುದನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡಿಕೊಳ್ಳುತ್ತಾರೆ. ಅವರು ಹೊಡೆಯಲೇಬೇಕಾದರೆ ಹಿಂದಿನ ದಿನ ತಿಳಿಸಿದರೂ ಸಾಕು, ಆ ಬದಿಯ ಸಾಲುಗಳನ್ನು ಬಿಟ್ಟು ಬೇರೆ ಕಡೆಯ ಸೊಪ್ಪು ಕೊಯ್ದುಕೊಳ್ಳಬಹುದು. ಮಾಮೂ ಈಗ ಹಾಗೆಯೇ ಮಾಡುತ್ತಿದ್ದಾರೆ. ಇದಕ್ಕೆ ಖರ್ಚು ಒಂದು ರೂಪಾಯಿಯೂ ಇಲ್ಲ.